ಬಂದು ಹೋದವನ ಗುರುತು

ಹೋದ ಯುಗಾದಿಗೆ ಸಿದ್ದಾಪುರದ ಸೋದರಮಾವನ ಮನೆಗೆ ಹೋದಾಗ ಒಂದು ಸಣ್ಣ ಬದಲಾವಣೆ ಕಣ್ಣಿಗೆ ಬಿತ್ತು. ಮಾವನ ತಟ್ಟೆ, ಲೋಟ ಬೇರೆಯಾಗಿದ್ದವು. ಊಟವಾದ ಮೇಲೆ ಅವನ್ನು ಬೇರೆಯಾಗಿಯೇ ತೊಳೆದು ಕಿಟಕಿಯ ಪಕ್ಕದ ಗೂಡಿನಲ್ಲಿ ಇಡುತ್ತಿದ್ದರು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಸಂಜೆ ಅತ್ತೆ ಹಿತ್ತಲಿಗೆ ಕರೆದು ಮೆಲ್ಲಗೆ ಕೇಳಿದರು: "ಓದಿದೋನು ನೀನು, ನಿಜ ಹೇಳಪ್ಪ. ಇದು ಅಂಟುಜಾಡ್ಯಾನಾ?"

ಮಾವನಿಗೆ ಮೂತ್ರಕೋಶದ ಕ್ಯಾನ್ಸರ್. ಎರಡು ವರ್ಷದ ಹಿಂದೆ ಒಂದು ದಿನ ಮೂತ್ರದಲ್ಲಿ ರಕ್ತ ಕಂಡಿತ್ತು. ನೋವಿರಲಿಲ್ಲ, ಉರಿಯೂ ಇರಲಿಲ್ಲ. ಉಷ್ಣ ಆಗಿದೆ ಎಂದು ಎಳನೀರು, ಮಜ್ಜಿಗೆ, ಅಂಬಲಿ ಕುಡಿಸಿದರು. ರಕ್ತ ತಾನಾಗಿಯೇ ನಿಂತಿತು. ಉಷ್ಣ ಇಳಿಯಿತು ಎಂದುಕೊಂಡರು. ಕೆಲವು ತಿಂಗಳಾದ ಮೇಲೆ ಮತ್ತೆ ಕಾಣಿಸಿತು. ಆಮೇಲೆ ಬೆಂಗಳೂರು, ಪರೀಕ್ಷೆ, ಮೂತ್ರನಾಳದ ಮೂಲಕ ಕೊಳವೆ ಹಾಕಿ ಗೆಡ್ಡೆ ಕೆರೆದು ತೆಗೆದದ್ದು, ವಾರಕ್ಕೊಮ್ಮೆ ಮೂತ್ರಕೋಶದೊಳಗೆ ಔಷಧಿ ಬಿಡಿಸಿಕೊಂಡದ್ದು. ಇದೆಲ್ಲ ನಡೆಯುತ್ತಿರುವಾಗ ಬಂಧುವೊಬ್ಬರ ಫೋನಿಗೆ ಒಂದು ಸುದ್ದಿ ಬಂದಿತ್ತು: ಈ ಕ್ಯಾನ್ಸರ್ ವೈರಸ್ಸಿನಿಂದ ಬರಬಹುದು ಅಂತ. ತಟ್ಟೆ ಬೇರೆಯಾದದ್ದು ಆಮೇಲೆ.

"ಅಲ್ಲ ಅತ್ತೆ, ಅಂಟೋದಲ್ಲ" ಎಂದು ತಟ್ಟನೆ ಹೇಳಿಬಿಟ್ಟೆ. ಆ ಮಾತು ಸರಿಯಾಗಿಯೇ ಇತ್ತು. ಆದರೆ ಯಾಕೆ ಸರಿ ಎಂದು ಕೇಳಿದ್ದರೆ ನನ್ನ ಬಳಿ ಉತ್ತರವಿರಲಿಲ್ಲ. ಆ ಫೋನಿನ ಸುದ್ದಿಯೂ ಪೂರ್ತಿ ಸುಳ್ಳಲ್ಲ ಎಂಬುದು ಓದುತ್ತಾ ಹೋದಂತೆ ತಿಳಿಯಿತು. ನಾನು ವೈದ್ಯನಲ್ಲ, ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತಿರುವವನು. ಹಾಗಾಗಿ ಈ ಕಾಯಿಲೆಯನ್ನೂ ಇತಿಹಾಸವಾಗಿಯೇ ಓದಿದೆ. ಒಂದು ಕಾಯಿಲೆಗೆ ಇದೇ ಕಾರಣ ಎಂದು ಮನುಷ್ಯರು ಯಾವಾಗ, ಯಾವ ಸಾಕ್ಷ್ಯದ ಮೇಲೆ ಒಪ್ಪಿಕೊಳ್ಳುತ್ತಾರೆ? ನನ್ನ ಕುತೂಹಲ ಇದ್ದದ್ದು ಆ ಪ್ರಶ್ನೆಯಲ್ಲಿ.

ಕಥೆ ಶುರುವಾಗುವುದು ಬಣ್ಣದಿಂದ. 1856ರಲ್ಲಿ ಲಂಡನ್ನಿನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕಲ್ಲಿದ್ದಲಿನ ಟಾರಿನಿಂದ ಬಂದ ಅನಿಲೀನಿನಿಂದ ನೇರಳೆ ಬಣ್ಣ ತೆಗೆದ. ಮೂರೇ ವರ್ಷಕ್ಕೆ ಮಜೆಂಟಾ ಬಂತು. ಜರ್ಮನರು ಅದನ್ನು ಫುಕ್ಸಿನ್ ಎಂದರು. ಗಿಡದ ಬೇರು, ತೊಗಟೆ, ಎಲೆಗಳಿಂದ ಬಣ್ಣ ತೆಗೆಯುತ್ತಿದ್ದ ಲೋಕ ಕೆಲವೇ ದಶಕಗಳಲ್ಲಿ ಕಾರ್ಖಾನೆಯ ಬಣ್ಣಕ್ಕೆ ತಿರುಗಿತು. ಮೊಳಕಾಲ್ಮೂರಿನ ರೇಷ್ಮೆಯ ಲಡಿಗಳೂ ಕಾಲಕ್ರಮದಲ್ಲಿ ಇಂಥ ಬಣ್ಣದಲ್ಲೇ ಅದ್ದಿ ಏಳತೊಡಗಿದವು.

1895ರಲ್ಲಿ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ತನ್ನ ಸಹೋದ್ಯೋಗಿಗಳ ಸಭೆಯಲ್ಲಿ ಒಂದು ವಿಚಿತ್ರ ಸಂಗತಿಯನ್ನು ಮುಂದಿಟ್ಟ. ಫುಕ್ಸಿನ್ ತಯಾರಿಸುವ ಕೆಲಸಗಾರರಲ್ಲಿ ಮೂತ್ರಕೋಶದ ಗೆಡ್ಡೆ ಮತ್ತೆ ಮತ್ತೆ ಕಾಣುತ್ತಿದೆ ಎಂದ. ಅವನ ಕೈಯಲ್ಲಿದ್ದದ್ದು ಬೆರಳೆಣಿಕೆಯ ರೋಗಿಗಳು. ಆದರೂ ಅವನು ರೋಗಿಯ ದೇಹದ ಜೊತೆ ರೋಗಿಯ ಕಸುಬನ್ನೂ ವಿಚಾರಿಸಿದ್ದ. ಆ ಅನುಮಾನ ಗಟ್ಟಿಯಾಗಲು ಅರ್ಧ ಶತಮಾನಕ್ಕಿಂತ ಹೆಚ್ಚು ಬೇಕಾಯಿತು. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬೆಂಜಿಡೀನ್ ಮತ್ತು ಬೀಟಾ ನ್ಯಾಫ್ಥೈಲಮೀನ್‌ಗಳ ಅಪಾಯದ ಬಗ್ಗೆ ವರದಿ ಕೊಟ್ಟಿತು. 1938ರಲ್ಲಿ ಅಮೆರಿಕದ ವಿಲ್ಹೆಲ್ಮ್ ಹ್ಯೂಪರ್ ನಾಯಿಗಳಿಗೆ ಈ ಎರಡನೆಯ ರಾಸಾಯನಿಕ ಕೊಟ್ಟು ಮೂತ್ರಕೋಶದಲ್ಲಿ ಗೆಡ್ಡೆ ಹುಟ್ಟುವುದನ್ನು ತೋರಿಸಿದ. 1954ರಲ್ಲಿ ಬ್ರಿಟನ್ನಿನ ರಾಬರ್ಟ್ ಕೇಸ್ ಬಣ್ಣದ ಕಾರ್ಖಾನೆಗಳ ಸಾವಿರಾರು ಕೆಲಸಗಾರರ ಹಳೆಯ ದಾಖಲೆಗಳನ್ನು ಮರಣಪತ್ರಗಳ ಜೊತೆ ತಾಳೆ ನೋಡಿ ಲೆಕ್ಕ ಮುಂದಿಟ್ಟ. ಮುಟ್ಟಿದ್ದಕ್ಕೂ ಗೆಡ್ಡೆ ಬಂದದ್ದಕ್ಕೂ ನಡುವೆ ಹತ್ತಿಪ್ಪತ್ತು ವರ್ಷಗಳ ಅಂತರವಿತ್ತು. ಕೆಲಸ ಬಿಟ್ಟು ಮನೆಗೆ ಹೋದವನಿಗೆ ಕಾಯಿಲೆ ಬಂದರೆ ಕಾರ್ಖಾನೆಯನ್ನು ನೆನೆಯುವವರು ಯಾರು? ಜರ್ಮನಿ 1994ರಲ್ಲಿ ಇಂಥ ಅಮೀನುಗಳನ್ನು ಬಿಡುವ ಬಣ್ಣಗಳನ್ನು ಬಟ್ಟೆಯಲ್ಲಿ ನಿಷೇಧಿಸಿತು. ಭಾರತವೂ ಅದೇ ದಶಕದಲ್ಲಿ ಬೆಂಜಿಡೀನ್ ಮೂಲದ ಬಣ್ಣಗಳನ್ನು ನಿಷೇಧಿಸಿತು.

ಎರಡನೆಯ ಕಾರಣ ಸಿಕ್ಕಿದ್ದು ನೀರಿನಲ್ಲಿ. 1851ರಲ್ಲಿ ಕೈರೋದಲ್ಲಿ ಕೆಲಸ ಮಾಡುತ್ತಿದ್ದ ಜರ್ಮನ್ ವೈದ್ಯ ಥಿಯೋಡೋರ್ ಬಿಲ್‌ಹಾರ್ಜ್ ರಕ್ತನಾಳದಲ್ಲಿ ವಾಸಿಸುವ ಒಂದು ಹುಳುವನ್ನು ಗುರುತಿಸಿದ. ಅದರ ಒಂದು ಬಗೆ ಮೂತ್ರಕೋಶದ ಗೋಡೆಯಲ್ಲಿ ಮೊಟ್ಟೆ ಇಡುತ್ತದೆ. ನೈಲ್ ನದಿಯ ಕಾಲುವೆಗಳಲ್ಲಿ ಕಾಲಿಟ್ಟು ದುಡಿಯುವ ರೈತರಿಗೆ ಮೂತ್ರದಲ್ಲಿ ರಕ್ತ ಹೋಗುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಅದನ್ನು ರೋಗವೆಂದೇ ಎಣಿಸುತ್ತಿರಲಿಲ್ಲ. 1911ರಲ್ಲಿ ಫರ್ಗ್ಯುಸನ್ ಎಂಬ ವೈದ್ಯ ಈಜಿಪ್ಟಿನ ಮೂತ್ರಕೋಶದ ಕ್ಯಾನ್ಸರಿಗೂ ಈ ಹುಳುವಿಗೂ ಸಂಬಂಧವಿದೆ ಎಂದು ಬರೆದ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಖಚಿತ ಕಾರಣಗಳ ಪಟ್ಟಿಗೆ ಸೇರಿಸಿದ್ದು 1994ರಲ್ಲಿ. ಈ ಹುಳು ನಮಗೆ ತೀರಾ ದೂರದ್ದೂ ಅಲ್ಲ. ಮಹಾರಾಷ್ಟ್ರದ ರತ್ನಗಿರಿ ಜಿಲ್ಲೆಯ ಗಿಮ್ವಿ ಎಂಬ ಹಳ್ಳಿಯಲ್ಲಿ 1950ರ ದಶಕದ ಆರಂಭದಲ್ಲಿ ಇದೇ ಬಗೆಯ ಕಾಯಿಲೆ ಪತ್ತೆಯಾಗಿತ್ತು.

ಹಾಗಾದರೆ ಸೋಂಕಿನಿಂದ ಮೂತ್ರಕೋಶಕ್ಕೆ ಕ್ಯಾನ್ಸರ್ ಬರಬಹುದು ಎಂಬ ಮಾತು ಹೊಸದೇನಲ್ಲ. ಒಂದು ಹುಳುವಿನ ಮಟ್ಟಿಗೆ ಅದು ಸಾಬೀತಾಗಿದೆ. ವೈರಸ್ಸಿನ ಪ್ರಶ್ನೆ ಇನ್ನೂ ತೊಡಕಿನದು. ಅದಕ್ಕೆ ಹೋಗುವ ಮುಂಚೆ ವೈದ್ಯವಿಜ್ಞಾನ ಎರಡು ಸಲ ಎಡವಿದ್ದನ್ನು ನೆನೆಯಬೇಕು.

1911ರಲ್ಲಿ ನ್ಯೂಯಾರ್ಕಿನ ಪೇಟನ್ ರೌಸ್ ಕೋಳಿಯ ಗೆಡ್ಡೆಯೊಂದನ್ನು ಅರೆದು, ಜೀವಕೋಶಗಳೆಲ್ಲ ಉಳಿದುಬಿಡುವಷ್ಟು ಸೂಕ್ಷ್ಮವಾಗಿ ಸೋಸಿ, ಆ ದ್ರವವನ್ನು ಬೇರೆ ಕೋಳಿಗೆ ಚುಚ್ಚಿದ. ಅದಕ್ಕೂ ಗೆಡ್ಡೆ ಬಂತು. ಸೋಸಿದ ದ್ರವದಲ್ಲಿದ್ದದ್ದು ವೈರಸ್. ಆದರೆ ವೈರಸ್ಸಿನಿಂದ ಕ್ಯಾನ್ಸರ್ ಎಂಬುದನ್ನು ಬಹುಮಂದಿ ನಂಬಲಿಲ್ಲ. ಅವನಿಗೆ ನೊಬೆಲ್ ಬಂದದ್ದು 1966ರಲ್ಲಿ, ಐವತ್ತೈದು ವರ್ಷಗಳ ನಂತರ. ಇದಕ್ಕೆ ತದ್ವಿರುದ್ಧವಾದ ಕಥೆ ಡೆನ್ಮಾರ್ಕಿನ ಯೋಹಾನೆಸ್ ಫಿಬಿಗರ್‌ನದು. ಇಲಿಗಳ ಹೊಟ್ಟೆಯಲ್ಲಿ ಒಂದು ಹುಳು ಕ್ಯಾನ್ಸರ್ ತರುತ್ತದೆ ಎಂದು ಅವನು ತೋರಿಸಿದ. 1926ರ ನೊಬೆಲ್ ಅವನಿಗೆ ಸಂದಿತು. ಆ ಗಂಟುಗಳಿಗೆ ಆಹಾರದಲ್ಲಿನ ಎ ವಿಟಮಿನ್ ಕೊರತೆಯೇ ಮುಖ್ಯ ಕಾರಣವಾಗಿತ್ತು, ಅವು ಕ್ಯಾನ್ಸರೇ ಅಲ್ಲ ಎಂಬುದು ಆಮೇಲೆ ತಿಳಿಯಿತು. ಸರಿಯಿದ್ದವನನ್ನು ಅರ್ಧ ಶತಮಾನ ಕಾಯಿಸಿದರು, ತಪ್ಪಿದವನಿಗೆ ಬೇಗನೆ ಹಾರ ಹಾಕಿದರು. ಗರ್ಭಕಂಠದ ಕ್ಯಾನ್ಸರಿಗೆ ಪ್ಯಾಪಿಲೋಮಾ ವೈರಸ್ ಕಾರಣ ಎಂದು 1980ರ ದಶಕದಲ್ಲಿ ತೋರಿಸಿ, 2008ರಲ್ಲಿ ನೊಬೆಲ್ ಪಡೆದ ಹರಾಲ್ಡ್ ಜ಼ುರ್ ಹೌಸನ್ ಕೂಡ ಮೊದಲು ಬಹಳ ಅಪನಂಬಿಕೆ ಎದುರಿಸಬೇಕಾಯಿತು. ವೈರಸ್ ಎಂದಕೂಡಲೇ ನಂಬುವುದೂ ತಪ್ಪು, ನಗುವುದೂ ತಪ್ಪು ಎಂಬುದು ಈ ಮೂವರ ಕಥೆಯಿಂದ ನಾನು ಕಲಿತ ಪಾಠ.

ಈಗ ಮೂತ್ರಕೋಶದ ವೈರಸ್ಸಿಗೆ ಬರೋಣ. 1971ರಲ್ಲಿ ಲಂಡನ್ನಿನಲ್ಲಿ ಸಿಲ್ವಿಯಾ ಗಾರ್ಡ್‌ನರ್ ಮತ್ತು ಸಂಗಡಿಗರು ಮೂತ್ರಪಿಂಡ ಕಸಿ ಮಾಡಿಸಿಕೊಂಡಿದ್ದ ರೋಗಿಯೊಬ್ಬನ ಮೂತ್ರದಲ್ಲಿ ಹೊಸ ವೈರಸ್ಸೊಂದನ್ನು ಕಂಡರು. ರೋಗಿಯ ಹೆಸರಿನ ಮೊದಲಕ್ಷರಗಳಿಂದ ಅದಕ್ಕೆ ಬಿಕೆ ಎಂದು ಹೆಸರಾಯಿತು. ಇದು ಅಪರೂಪದ ವೈರಸ್ಸಲ್ಲ. ಬಹುಪಾಲು ಜನರಿಗೆ ಎಳವೆಯಲ್ಲೇ ತಗಲುತ್ತದೆ. ನೆಗಡಿಯಂತೆ ಬಂದು ಹೋಗಬಹುದು, ಗೊತ್ತೇ ಆಗದಿರಬಹುದು. ಆಮೇಲೆ ಮೂತ್ರಪಿಂಡದಲ್ಲಿ ಸದ್ದಿಲ್ಲದೆ ಉಳಿದುಬಿಡುತ್ತದೆ. ಕಸಿಯಾದವರಿಗೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ಕೊಡಲೇಬೇಕು. ಆಗ ಇದು ಎದ್ದು ಹೊಸ ಮೂತ್ರಪಿಂಡವನ್ನೇ ಹಾಳು ಮಾಡಬಲ್ಲದು. ಈ ವೈರಸ್ ಹೊಕ್ಕ ಕೋಶಗಳು ಮೂತ್ರದಲ್ಲಿ ಬಂದಾಗ ಸೂಕ್ಷ್ಮದರ್ಶಕದಡಿ ಥೇಟ್ ಕ್ಯಾನ್ಸರ್ ಕೋಶಗಳಂತೆ ಕಾಣುತ್ತವೆ. ಪರೀಕ್ಷಿಸುವವರು ಮೋಸಹೋಗಬಾರದೆಂದು ಅವಕ್ಕೆ ಮೋಸದ ಕೋಶಗಳು ಎಂಬರ್ಥದ ಹೆಸರನ್ನೇ ಇಟ್ಟಿದ್ದಾರೆ.

ಅನುಮಾನಕ್ಕೆ ಕಾರಣಗಳಿವೆ. ಈ ವೈರಸ್ ತಯಾರಿಸುವ ಒಂದು ಪ್ರೋಟೀನು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ಮುಂತಾದ ಕಾವಲುಗಾರರನ್ನು ಕಟ್ಟಿಹಾಕುತ್ತದೆ. ಮೂತ್ರಪಿಂಡ ಕಸಿಯಾದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಇತರರಿಗಿಂತ ಹೆಚ್ಚು. ಎದುರು ವಾದವೂ ಅಷ್ಟೇ ಬಲವಾಗಿದೆ. ಸಾಮಾನ್ಯ ರೋಗಿಗಳ ಗೆಡ್ಡೆಗಳನ್ನು ಸೀಳಿ ನೋಡಿದರೆ ಹೆಚ್ಚಿನವುಗಳಲ್ಲಿ ಈ ವೈರಸ್ ಸಿಗುವುದೇ ಇಲ್ಲ. ಊರಿಗೆ ಊರೇ ಹೊತ್ತು ತಿರುಗುವ ವೈರಸ್ ಕೆಲವೇ ಮಂದಿಗೆ ಕ್ಯಾನ್ಸರ್ ತರುವುದಾದರೂ ಹೇಗೆ? 2012ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ತಜ್ಞರು ಇದನ್ನೆಲ್ಲ ತೂಗಿ ನೋಡಿ ಬಿಕೆ ವೈರಸ್ಸನ್ನು 'ಕ್ಯಾನ್ಸರ್ ತರಬಹುದಾದದ್ದು' ಎಂಬ ವರ್ಗದಲ್ಲಿಟ್ಟರು. ತರುತ್ತದೆ ಎನ್ನಲಿಲ್ಲ, ತರುವ ಸಂಭವ ಹೆಚ್ಚು ಎಂದೂ ಅನ್ನಲಿಲ್ಲ. ಫೋನಿನ ಸುದ್ದಿಯಲ್ಲಿ ಕಳೆದುಹೋಗಿದ್ದು ಈ ವ್ಯತ್ಯಾಸವೇ.

ಆಮೇಲಿನ ಹತ್ತು ವರ್ಷಗಳಲ್ಲಿ ಪ್ರಶ್ನೆ ಬೇರೆ ದಿಕ್ಕಿಗೆ ಹೊರಳಿತು. ಗೆಡ್ಡೆಯ ವಂಶವಾಹಿಗಳನ್ನು ಅಕ್ಷರ ಅಕ್ಷರವಾಗಿ ಓದುವ ತಂತ್ರ ಬಂದಾಗ, ಪ್ರತಿ ಹಾನಿಕಾರಕವೂ ತನ್ನದೇ ಬಗೆಯ ತಿದ್ದುಪಡಿ ಬಿಟ್ಟುಹೋಗುತ್ತದೆ ಎಂಬುದು ಗೊತ್ತಾಯಿತು. ಬಿಸಿಲಿನದು ಒಂದು ಬಗೆ, ಹೊಗೆಯದು ಇನ್ನೊಂದು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ತಂಬಾಕಿನ ಗುರುತು ಎದ್ದು ಕಾಣುತ್ತದೆ. ಆದರೆ ಧೂಮಪಾನವೇ ಅತಿ ಮುಖ್ಯ ಕಾರಣವಾದ ಮೂತ್ರಕೋಶದ ಕ್ಯಾನ್ಸರಿನಲ್ಲಿ ಆ ಗುರುತು ಅಷ್ಟು ಸ್ಪಷ್ಟವಾಗಿಲ್ಲ. ಅಲ್ಲಿ ತುಂಬಿರುವುದು ಎಪೊಬೆಕ್ ಎಂಬ ಕಿಣ್ವಗಳ ಗುರುತು. ವೈರಸ್ ಒಳನುಗ್ಗಿದಾಗ ಅದರ ವಂಶವಾಹಿಯನ್ನು ಕೆಡಿಸಿ ಕೊಲ್ಲಲು ನಮ್ಮ ಕೋಶಗಳೇ ಎತ್ತುವ ಆಯುಧಗಳು ಇವು. ಕೆಲವು ಸಲ ಏಟು ತಪ್ಪಿ ನಮ್ಮದೇ ವಂಶವಾಹಿಗೆ ಬೀಳುತ್ತದೆ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಸೈಮನ್ ಬೇಕರ್, ಜೆನಿಫರ್ ಸೌತ್‌ಗೇಟ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆಸಿದ ಮೂತ್ರನಾಳದ ಒಳಪದರದ ಕೋಶಗಳಿಗೆ ಬಿಕೆ ವೈರಸ್ ತಗಲಿಸಿ, ಅವುಗಳಲ್ಲಿ ಇಂಥದೇ ಹಾನಿಯಾಗುವುದನ್ನು 2022ರಲ್ಲಿ ತೋರಿಸಿದರು. ಅವರ ಊಹೆ ಇದು: ವೈರಸ್ ಬಂದು ಪೆಟ್ಟು ಕೊಟ್ಟು ಹೋಗಿರುತ್ತದೆ, ವರ್ಷಗಳಾದ ಮೇಲೆ ಗೆಡ್ಡೆ ಹುಟ್ಟುವಾಗ ಅದು ಅಲ್ಲಿರುವುದಿಲ್ಲ, ಪೆಟ್ಟಿನ ಗುರುತಷ್ಟೇ ಉಳಿದಿರುತ್ತದೆ.

ಇದನ್ನು ಓದುವಾಗ ನನಗೆ ನಮ್ಮೂರಿನ ಬಂಡೆಗಳು ನೆನಪಾದವು. 1892ರಲ್ಲಿ ಬಿ.ಎಲ್. ರೈಸ್ ಸಿದ್ದಾಪುರ, ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಮಾಡಿದರು. ಶಾಸನ ಬ್ರಾಹ್ಮಿ ಲಿಪಿಯಲ್ಲಿದೆ. ಕೊನೆಯಲ್ಲಿ ಬರೆದವನ ಹೆಸರು ಬರುತ್ತದೆ: ಚಪಡ. ಹೆಸರಾದ ಮೇಲೆ 'ಲಿಪಿಕಾರ' ಎಂಬ ಅರ್ಥದ ಪದ ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುವಂಥದು. ಚಪಡ ಹೋಗಿ ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳಾದವು. ಅವನು ವಾಯವ್ಯದ ಕಡೆಯಲ್ಲಿ ಕಲಿತವನೋ ದುಡಿದವನೋ ಇರಬೇಕೆಂದು ಆ ಒಂದು ಪದದಿಂದ ವಿದ್ವಾಂಸರು ಊಹಿಸುತ್ತಾರೆ.

ಊಹೆ ಒಳ್ಳೆಯದೇ. ಆದರೆ ಕಲ್ಲು ಹೇಳುವುದು ಅವನಿಗೆ ಖರೋಷ್ಠಿ ಬರುತ್ತಿತ್ತು ಎಂದಷ್ಟೇ. ಅವನು ಎಲ್ಲಿ ಹುಟ್ಟಿದ, ಯಾವ ದಾರಿಯಲ್ಲಿ ಬಂದ ಎಂಬುದನ್ನು ಹೇಳುವುದಿಲ್ಲ. ಎಪೊಬೆಕ್ ಗುರುತಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅದು ವೈರಸ್ಸಿನ ಕೈಬರಹವೇ ಅಲ್ಲ, ವೈರಸ್ಸಿಗೆ ಹೆದರಿದ ಕೋಶದ ಕೈಬರಹ. ಬೇರೆ ಕಾರಣಕ್ಕೂ ಆ ಕೈ ನಡುಗಿರಬಹುದು. ನಮ್ಮ ಭಾಗದ ಇತಿಹಾಸದಲ್ಲೇ ಇನ್ನೊಂದು ಉದಾಹರಣೆಯಿದೆ. ಸಿದ್ದಾಪುರದ ಶಾಸನದಲ್ಲಿ ಅಶೋಕ ಎಂಬ ಹೆಸರಿಲ್ಲ, 'ದೇವಾನಂಪಿಯ' ಎಂದಷ್ಟೇ ಇದೆ. ಅವನೇ ಅಶೋಕ ಎಂದು ಪಂಡಿತರು ಬೇರೆ ಆಧಾರಗಳಿಂದ ಹೇಳುತ್ತಿದ್ದರೂ ಕಲ್ಲಿನ ಮೇಲೆಯೇ ಆ ಹೆಸರು ಓದಲು 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿ ಶಾಸನ ಸಿಗುವವರೆಗೆ ಕಾಯಬೇಕಾಯಿತು. ಬಿಕೆ ವೈರಸ್ಸಿನ ವಿಷಯದಲ್ಲಿ ಮಸ್ಕಿ ಇನ್ನೂ ಸಿಕ್ಕಿಲ್ಲ.

ವೈರಸ್ಸಿಗೆ ಪಾಲಿದ್ದರೂ ಅದು ಒಂಟಿಯಾಗಿ ಈ ಕೆಲಸ ಮಾಡಬೇಕೆಂದಿಲ್ಲ. ಇದಕ್ಕೆ ಒಳ್ಳೆಯ ಸಾಕ್ಷಿ ದನಗಳಲ್ಲಿದೆ. ನೀಲಗಿರಿ, ಹಿಮಾಲಯದಂಥ ತಂಪು ಗುಡ್ಡಗಾಡುಗಳಲ್ಲಿ ಬ್ರಾಕನ್ ಎಂಬ ಜರೀಗಿಡವನ್ನು ವರ್ಷಗಟ್ಟಲೆ ಮೇದ ಹಸುಗಳ ಮೂತ್ರದಲ್ಲಿ ರಕ್ತ ಬರುತ್ತದೆ, ಮೂತ್ರಕೋಶದಲ್ಲಿ ಗೆಡ್ಡೆ ಬೆಳೆಯುತ್ತದೆ. ಆ ಗೆಡ್ಡೆಗಳಲ್ಲಿ ದನಗಳ ಪ್ಯಾಪಿಲೋಮಾ ವೈರಸ್ಸೂ ಸಿಕ್ಕಿದೆ. ಗ್ಲಾಸ್ಗೋದ ಪಶುವೈದ್ಯ ವಿಜ್ಞಾನಿಗಳು ದಶಕಗಳ ಕಾಲ ಇದರ ಬೆನ್ನು ಹತ್ತಿ, ಗಿಡದ ವಿಷ ಮತ್ತು ವೈರಸ್ ಎರಡೂ ಕೈಜೋಡಿಸುತ್ತವೆ ಎಂದು ತೋರಿಸಿದರು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳಂಥ ಒಣನೆಲದ ಗಿಡ ಅದಲ್ಲ, ನಮ್ಮ ದನಗಳಿಗೆ ಆ ಭಯವಿಲ್ಲ. ಆದರೆ ಮನುಷ್ಯರಲ್ಲೂ ಇಂಥ ಜೋಡಿ ಇರಬಹುದೇ, ಗಿಡದ ಜಾಗದಲ್ಲಿ ಬೀಡಿಯ ಹೊಗೆಯಿರಬಹುದೇ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಹೊಗೆ ಎಂದಾಗ ನಾನು ತಡೆದು ನಿಂತೆ. ಏಕೆಂದರೆ ಹ್ಯೂಪರ್ ನಾಯಿಗಳಿಗೆ ಕೊಟ್ಟ ಅದೇ ಬೀಟಾ ನ್ಯಾಫ್ಥೈಲಮೀನ್ ತಂಬಾಕಿನ ಹೊಗೆಯಲ್ಲೂ ಇದೆ. ರಕ್ತಕ್ಕೆ ಸೇರಿದ ಅದನ್ನು ಮೂತ್ರಪಿಂಡ ಸೋಸುತ್ತದೆ, ಮೂತ್ರಕೋಶ ಗಂಟೆಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಮಾವ ಹದಿನಾರರಿಂದ ಬೀಡಿ ಸೇದಿದವನು. ಮೊಳಕಾಲ್ಮೂರಿನಲ್ಲಿ ಮೂವತ್ತು ವರ್ಷ ರೇಷ್ಮೆಗೆ ಬಣ್ಣ ಹಾಕಿದವನು. ಕುದಿಯುವ ಹಂಡೆಯ ಮುಂದೆ ಕೂತು ಬರಿಗೈಯಲ್ಲಿ ಲಡಿ ತಿರುವುತ್ತಿದ್ದ. ಹಬ್ಬಕ್ಕೆ ಬಂದಾಗಲೂ ಉಗುರಿನ ಸುತ್ತ ಕೆಂಪೋ ನೀಲಿಯೋ ಉಳಿದಿರುತ್ತಿತ್ತು. ಆ ಹಂಡೆಯಲ್ಲಿ ಯಾವ ವರ್ಷ ಯಾವ ಬಣ್ಣವಿತ್ತು ಎಂಬುದಕ್ಕೆ ಲೆಕ್ಕವಿಲ್ಲ. ಎಳವೆಯಲ್ಲಿ ಎಲ್ಲರಿಗೂ ತಗಲುವ ವೈರಸ್ ಅವನಿಗೂ ತಗಲಿರಬಹುದು.

ಅವನ ಮುಂದೆ ಕೂತು ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಮಾವ ಕೇಳಿದ್ದು ಒಂದೇ ಮಾತು: "ಅಂಗಾದ್ರೆ ಯಾರದು ತಪ್ಪು ಅಳಿಯಾ? ಬಣ್ಣದ್ದಾ, ಬೀಡಿದಾ, ಆ ವೈರಸ್ಸಿಂದಾ?"

ಕಾರಣದ ಪ್ರಶ್ನೆಯೊಳಗೆ ಯಾವಾಗಲೂ ಹೊಣೆಯ ಪ್ರಶ್ನೆ ಅಡಗಿರುತ್ತದೆ. ಬೀಡಿ ಎಂದರೆ ತಪ್ಪು ಅವನ ತಲೆಗೆ. ಬಣ್ಣ ಎಂದರೆ ಕೈಗವಸು ಕೊಡದೆ ದುಡಿಸಿಕೊಂಡ ಲೋಕದ ತಲೆಗೆ. ವೈರಸ್ ಎಂದರೆ ಯಾರ ತಲೆಗೂ ಇಲ್ಲ. ಅದಕ್ಕೇ ಮೂರನೆಯ ಉತ್ತರ ಎಲ್ಲರಿಗೂ ಹಗುರ. ಮುಂದೊಂದು ದಿನ ವೈರಸ್ಸಿನ ಪಾಲು ಸಾಬೀತಾದರೂ ಹೊಗೆಯ ಮತ್ತು ಬಣ್ಣದ ಪಾಲು ಅಳಿಸಿಹೋಗುವುದಿಲ್ಲ. ಅವಕ್ಕೆ ಸಾಕ್ಷ್ಯ ಆಗಲೇ ಇದೆ. ಸಾವಿರಾರು ಜನರ ನಡುವೆ ಯಾವ ಕಾರಣಕ್ಕೆ ಎಷ್ಟು ಪಾಲು ಎಂದು ವಿಜ್ಞಾನ ಹೇಳಬಲ್ಲದು. ಒಬ್ಬ ಮನುಷ್ಯನ ಒಂದು ಗೆಡ್ಡೆ ಯಾವುದರಿಂದ ಬಂತು ಎಂದು ಬೆರಳು ಮಾಡಿ ತೋರಿಸುವುದು ಬಹಳ ಸಲ ಅದರ ಕೈಲಾಗುವುದಿಲ್ಲ. ಮಾವನಿಗೆ ಹಾಗೆಯೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀಡಿ ಬಿಟ್ಟು ಎರಡು ವರ್ಷ ಆತು" ಎಂದ.

ಅತ್ತೆಗೆ ಹೇಳುವುದು ಸುಲಭವಾಗಿತ್ತು. ಕ್ಯಾನ್ಸರ್ ತಟ್ಟೆಯಿಂದ, ಲೋಟದಿಂದ, ಒಟ್ಟಿಗೆ ಉಂಡದ್ದರಿಂದ ಇನ್ನೊಬ್ಬರಿಗೆ ಬರುವುದಿಲ್ಲ. ಅನುಮಾನಕ್ಕೆ ಸಿಕ್ಕಿರುವ ವೈರಸ್ಸಾದರೋ ಹೆಚ್ಚು ಕಡಿಮೆ ಎಲ್ಲರೊಳಗೂ ಆಗಲೇ ಇದೆ. ತಟ್ಟೆ ಬೇರೆ ಮಾಡಿ ಅದನ್ನು ತಡೆಯಲಾಗದು. ಹೇಳಬೇಕಾದ ಇನ್ನೊಂದು ಮಾತೂ ಇತ್ತು: ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ, ನೋವಿಲ್ಲದಿದ್ದರೂ, ತಾನೇ ನಿಂತುಹೋದರೂ ಡಾಕ್ಟರಿಗೆ ತೋರಿಸಬೇಕು. ಉಷ್ಣ ಎಂಬ ಪದ ನಮ್ಮಿಂದ ಕೆಲವು ತಿಂಗಳು ಕಸಿದಿತ್ತು.

ಅವನ ಮೂತ್ರಕೋಶಕ್ಕೆ ವಾರ ವಾರ ಬಿಡುತ್ತಿದ್ದ ಔಷಧಿ ಏನೆಂದು ಕೇಳಿದಾಗ ಅತ್ತೆ ಚೀಟಿ ತೋರಿಸಿದರು: ಬಿ.ಸಿ.ಜಿ. ನಮ್ಮೆಲ್ಲರ ತೋಳಿನ ಮೇಲೆ ಕಲೆ ಉಳಿಸಿರುವ ಕ್ಷಯದ ಲಸಿಕೆಯೇ ಅದು, ಜೀವಂತ ಬ್ಯಾಕ್ಟೀರಿಯಾ. ಅದನ್ನು ಮೂತ್ರಕೋಶದೊಳಗೆ ಬಿಟ್ಟರೆ ಅಲ್ಲಿನ ರಕ್ಷಣಾ ಕೋಶಗಳು ಎಚ್ಚೆತ್ತು ಗೆಡ್ಡೆಯ ಮೇಲೂ ಎರಗುತ್ತವೆ ಎಂದು ಕೆನಡಾದ ಆಲ್ವಾರೋ ಮೊರಾಲೆಸ್ 1976ರಲ್ಲಿ ಒಂಬತ್ತು ರೋಗಿಗಳ ಅನುಭವದಿಂದ ಬರೆದರು. ಈಗ ಅದು ಜಗತ್ತಿನಾದ್ಯಂತ ರೂಢಿಯ ಚಿಕಿತ್ಸೆ. ಬಿ.ಸಿ.ಜಿ.ಗೂ ಬಗ್ಗದ ಗೆಡ್ಡೆಗಳಿಗಾಗಿ ಅಮೆರಿಕ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟ ಔಷಧಿಯೊಂದರಲ್ಲಿ ಚಿಕಿತ್ಸೆಯ ವಂಶವಾಹಿಯನ್ನು ಹೊತ್ತು ಮೂತ್ರಕೋಶದೊಳಕ್ಕೆ ಹೋಗುವುದು ಒಂದು ವೈರಸ್ಸೇ.

"ಅಂದ್ರೆ ಕ್ಷಯದ ಹುಳಾನ ಇವರ ಹೊಟ್ಟೆಗೆ ಬಿಟ್ಟು ವಾಸಿ ಮಾಡ್ತಾರಾ?" ಎಂದು ಅತ್ತೆ ಬಾಯಿಗೆ ಸೆರಗು ಹಿಡಿದರು. ಪಳಗಿಸಿದ ಹುಳ, ಹೊಟ್ಟೆಗಲ್ಲ ಮೂತ್ರಕೋಶಕ್ಕೆ ಎಂದು ತಿದ್ದಿದೆ. ಔಷಧಿ ಬಿಟ್ಟ ದಿನ ಶೌಚಾಲಯ ಚೊಕ್ಕಟವಾಗಿಡಬೇಕೆಂದು ಆಸ್ಪತ್ರೆಯವರು ಹೇಳಿದ್ದನ್ನು ಪಾಲಿಸಿದರೆ ಸಾಕು, ಊಟದ ತಟ್ಟೆಗೂ ಅದಕ್ಕೂ ಸಂಬಂಧವಿಲ್ಲ ಎಂದೆ.

ಮಾವನಿಗೆ ಈಗ ಮೂರು ತಿಂಗಳಿಗೊಮ್ಮೆ ಕೊಳವೆ ಹಾಕಿ ನೋಡುತ್ತಾರೆ. ಈ ಕಾಯಿಲೆ ಮರಳಿ ಬರುವುದರಲ್ಲಿ ಹೆಸರುವಾಸಿ. ಹಾಗಾಗಿ ಪ್ರತಿ ಸಲ ಬೆಂಗಳೂರಿನ ಬಸ್ಸು ಹತ್ತುವ ಹಿಂದಿನ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹೋದ ತಿಂಗಳು ನಾನು ಊರಿಗೆ ಹೋದಾಗ ಅತ್ತೆ ರೊಟ್ಟಿ ಬಡಿಸಿದರು. ಕಿಟಕಿಯ ಪಕ್ಕದ ಗೂಡಿನಲ್ಲಿ ಊದಿನಕಡ್ಡಿ, ಬೆಂಕಿಪೊಟ್ಟಣ ಇದ್ದವು. ಮಾವನ ತಟ್ಟೆ ಯಾವುದೆಂದು ಗುರುತಿಸಲು ನನಗಾಗಲಿಲ್ಲ.